ಕೋಸ್ಟಲ್ ರಿಸ್ಕ್ ಸ್ಕ್ರೀನಿಂಗ್ ಟೂಲ್: ಕಡಲಿನ ಲೆಕ್ಕ ಇದೆ, ಘಟ್ಟದ ಮಳೆಯ ಲೆಕ್ಕ ಇಲ್ಲ

ಐದಕ್ಕೆ ಮೂರು ಸ್ಟಾರ್. ಉಳಿದ ಎರಡು ಯಾಕೆ ಕಟ್ ಮಾಡಿದೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಕೊಡಗಿನಿಂದ ಮಂಗಳೂರಿಗೆ ಇಳಿದು ಮನೆ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಯಾರಾದರೂ ಈ ಮ್ಯಾಪ್ ತೆರೆದು, ತಮ್ಮ ಸೈಟಿನ ಮೇಲೆ ಕೆಂಪು ಬಣ್ಣ ಇಲ್ಲ ಅಂತ ನೋಡಿ, ನೆಮ್ಮದಿಯಾಗಿ ಅಡ್ವಾನ್ಸ್ ಕೊಟ್ಟುಬಿಡಬಹುದು. ಕೊಡುವ ಮೊದಲು ಇದನ್ನು ಓದಿ.

ಇದು ಕ್ಲೈಮೇಟ್ ಸೆಂಟ್ರಲ್ ಅನ್ನುವ ಸಂಸ್ಥೆಯ ಮ್ಯಾಪ್. ಅಮೆರಿಕದ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿದೆ. ಲಾಭಕ್ಕೆ ನಡೆಯುವ ಕಂಪನಿ ಅಲ್ಲ. ಮ್ಯಾಪ್ ಪುಕ್ಕಟೆ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಪ್ರಪಂಚದ ಯಾವ ಕರಾವಳಿಗೆ ಬೇಕಾದರೂ ಹೋಗಿ ಇಸವಿ ಆರಿಸಿದರೆ, ಆ ಹೊತ್ತಿಗೆ ಕಡಲ ನೀರಿನ ಮಟ್ಟಕ್ಕಿಂತ ಕೆಳಗೆ ಬೀಳುವ ಜಾಗ ಕೆಂಪಾಗಿ ಕಾಣಿಸುತ್ತದೆ. ಅಷ್ಟೇ ಕೆಲಸ. ಕನ್ನಡ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದ ಹಿಂದೆಯೇ ಟವರೂ ಹೋಗುತ್ತದಲ್ವಾ, ಅಂಥ ದಿನ ಇದನ್ನು ತೆರೆಯುವ ಯೋಚನೆ ಬಿಡಿ. ಫೋನಿನಲ್ಲಿ ಪಟ್ಟಿಗಳೇ ಅರ್ಧ ಪರದೆ ತಿನ್ನುತ್ತವೆ, ಲ್ಯಾಪ್‌ಟಾಪ್ ವಾಸಿ.

ನಮ್ಮ ಮನೆಗೆ ಈ ಮ್ಯಾಪ್ ಬಂದದ್ದು ಒಬ್ಬ ಬ್ರೋಕರ್ ಕಡೆಯಿಂದ. ಅಕ್ಕ, ಭಾವ ಇಬ್ಬರಿಗೂ ವಯಸ್ಸಾಯಿತು. ಆಸ್ಪತ್ರೆ ಅಂದರೆ ಹೇಗೂ ಮಂಗಳೂರಿಗೇ ಓಡಬೇಕು. ಅದೂ ಅಲ್ಲದೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಜೋಡುಪಾಲ ಕಡೆ ಗುಡ್ಡ ಇಳಿದದ್ದು, ಮರುವರ್ಷ ತೋರದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಜರಿದದ್ದು, ಇದನ್ನೆಲ್ಲ ನೋಡಿದ ಮೇಲೆ ಜೋರು ಮಳೆಯ ರಾತ್ರಿ ಅಕ್ಕನಿಗೆ ನಿದ್ದೆ ಬರಲ್ಲ. ತೋಟ ಮಗನಿಗೆ ಬಿಟ್ಟು ಕೆಳಗೆ ಒಂದು ಸಣ್ಣ ಮನೆ ನೋಡೋಣ ಅಂತ ಹೊರಟರು. ಬ್ರೋಕರ್ ನೇತ್ರಾವತಿ ದಡದ ಹತ್ತಿರ ಒಂದು ಐದು ಸೆಂಟ್ ಸೈಟ್ ತೋರಿಸಿದರು. ಚೆನ್ನಾಗಿದೆ, ತೆಂಗಿನ ಮರಗಳಿವೆ, ಗಾಳಿ ಇದೆ, ಹೊಳೆ ಕಾಣುತ್ತದೆ. ನೀರು ಬರಲ್ವಾ ಅಂತ ಭಾವ ಕೇಳಿದ್ದಕ್ಕೆ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ಇದೇ ಮ್ಯಾಪ್, ಇಸವಿ 2050, ಸೈಟ್ ಇರುವ ಕಡೆ ಬಣ್ಣವೇ ಇಲ್ಲ. ಕೆಳಗೆ ಒಂದು ಸಾಲು: ನೋಡಿ ಸರ್, ಅಮೆರಿಕದವರೇ ಹೇಳಿದ್ದಾರೆ.

ಸ್ಕ್ರೀನ್‌ಶಾಟಿನ ಪಕ್ಕದಲ್ಲಿ ಸೆಟ್ಟಿಂಗ್ಸ್ ಪಟ್ಟಿಯೂ ಸೇರಿಕೊಂಡಿತ್ತು. ಅದನ್ನು ಓದಿದರೆ ಕಥೆ ಗೊತ್ತಾಗುತ್ತದೆ. ಈ ಟೂಲ್‌ನಲ್ಲಿ ಇಸವಿ ಒಂದೇ ಅಲ್ಲ, ಇನ್ನೂ ಕೆಲವು ಆಯ್ಕೆ ಇವೆ. ಪ್ರಪಂಚ ಹೊಗೆ ಉಗುಳುವುದನ್ನು ಬೇಗ ಕಡಿಮೆ ಮಾಡುತ್ತದಾ, ಈಗಿನ ಹಾಗೇ ಹೋಗುತ್ತದಾ, ಲಂಗುಲಗಾಮಿಲ್ಲದೆ ಹೆಚ್ಚಿಸುತ್ತದಾ ಅನ್ನುವುದು ಒಂದು. ಅದೃಷ್ಟ ಅನ್ನುವ ಆಯ್ಕೆಯೂ ಇದೆ, ನಿಜವಾಗಿಯೂ ಇದೆ, ಒಳ್ಳೆಯದು, ಮಧ್ಯಮ, ಕೆಟ್ಟದು ಅಂತ. ಅಂದಾಜಿನಲ್ಲಿ ಒಂದೇ ಸಂಖ್ಯೆ ಇರಲ್ಲ, ಕೆಳಗಿನಿಂದ ಮೇಲಿನವರೆಗೆ ಒಂದು ವ್ಯಾಪ್ತಿ ಇರುತ್ತದೆ. ಅಷ್ಟೇ ಹೊಗೆಗೆ ಕಡಲು ಕಡಿಮೆ ಏರಿದರೆ ಒಳ್ಳೆ ಅದೃಷ್ಟ, ಜಾಸ್ತಿ ಏರಿದರೆ ಕೆಟ್ಟದು. ನಮ್ಮ ಬ್ರೋಕರ್ ಕಳಿಸಿದ್ದರಲ್ಲಿ ಹೊಗೆ ಬೇಗ ಕಡಿಮೆ, ಅದೃಷ್ಟ ಒಳ್ಳೆಯದು. ಇಡೀ ಪ್ರಪಂಚದ ಪರವಾಗಿ ಅವರೇ ಒಳ್ಳೆ ಮನಸ್ಸು ಮಾಡಿಬಿಟ್ಟಿದ್ದರು.

ಆದರೆ ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. 2050ರವರೆಗೆ ಈ ಆಯ್ಕೆಗಳು ಏನೇ ಇಟ್ಟರೂ ದೊಡ್ಡ ವ್ಯತ್ಯಾಸ ಕಾಣಲ್ಲ. ಕಡಲು ನಿಧಾನದ ವಸ್ತು. ಈಗಾಗಲೇ ಹೀರಿಕೊಂಡ ಬಿಸಿಗೆ ಅದು ಹಿಗ್ಗುತ್ತಲೇ ಇರುತ್ತದೆ, ಹಿಮವೂ ಕರಗುತ್ತಲೇ ಇರುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯವರು 2021ರ ವರದಿಯಲ್ಲಿ ಹೇಳಿದ ಪ್ರಕಾರ 1901ರಿಂದ 2018ರ ಒಳಗೆ ಪ್ರಪಂಚದ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿತು. ಮೊದಲು ವರ್ಷಕ್ಕೆ 1.3 ಮಿಲಿಮೀಟರ್ ಏರುತ್ತಿದ್ದದ್ದು 2006ರ ನಂತರ 3.7ಕ್ಕೆ ಬಂದಿದೆ. 2050ರ ಹೊತ್ತಿಗೆ ಮತ್ತೆ ಹೆಚ್ಚುಕಡಿಮೆ ಒಂದು ಗೇಣು ಏರುತ್ತದೆ. ನಾವು ಒಳ್ಳೆಯವರಾದರೂ ಅಷ್ಟು ಏರುತ್ತದೆ. ಬೇರೆ ಬೇರೆ ದಾರಿ ಹಿಡಿಯುವುದು ಅದಾದ ಮೇಲೆ. 2100ಕ್ಕೆ ಹೊಗೆ ಬೇಗ ಕಡಿಮೆ ಮಾಡಿದರೆ 28ರಿಂದ 55 ಸೆಂಟಿಮೀಟರ್, ಜಾಸ್ತಿ ಮಾಡುತ್ತಲೇ ಹೋದರೆ 63 ಸೆಂಟಿಮೀಟರಿನಿಂದ ಒಂದು ಮೀಟರ್. ಹಾಗಾಗಿ ಮೊದಲ ಸಲಹೆ: ಮನೆ ಕಟ್ಟುವವರು 2050 ನೋಡಿ ಸುಮ್ಮನಾಗಬೇಡಿ. ಈಗ ಕಟ್ಟುವ ಮನೆ 2080ರವರೆಗಾದರೂ ನಿಲ್ಲಬೇಕಲ್ವಾ. ಇಸವಿ ಮುಂದಕ್ಕೆ ಎಳೆಯಿರಿ, ಅದೃಷ್ಟ ಕೆಟ್ಟದ್ದಕ್ಕೆ ಇಡಿ.

ಈಗ ಮ್ಯಾಪಿನ ಒಳ್ಳೆಯ ಗುಣ ಹೇಳುತ್ತೇನೆ. ಮೂರು ಸ್ಟಾರ್ ಸುಮ್ನೆ ಕೊಟ್ಟಿಲ್ಲ. ಎಲ್ಲಿ ನೀರು ಬರುತ್ತದೆ ಅಂತ ಹೇಳಬೇಕಾದರೆ ಮೊದಲು ನೆಲ ಎಷ್ಟು ಎತ್ತರ ಇದೆ ಅಂತ ಗೊತ್ತಿರಬೇಕು. ಇಡೀ ಪ್ರಪಂಚಕ್ಕೆ ಪುಕ್ಕಟೆ ಸಿಗುತ್ತಿದ್ದ ಎತ್ತರದ ಲೆಕ್ಕ 2000ದ ಫೆಬ್ರವರಿಯಲ್ಲಿ ಎಂಡೆವರ್ ಅನ್ನುವ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ರೇಡಾರ್‌ಗೆ ನೆಲ ಯಾವುದು, ಮರದ ತಲೆ ಯಾವುದು, ತಾರಸಿ ಯಾವುದು ಅಂತ ಸರಿಯಾಗಿ ಗೊತ್ತಾಗಲ್ಲ. ತೆಂಗಿನ ತೋಟದ ಮೇಲೆ ಹಾದು ಹೋದರೆ ಮರದ ಎತ್ತರದಲ್ಲಿ ಸ್ವಲ್ಪ ಪಾಲನ್ನು ನೆಲದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಬೆಟ್ಟದ ಮೇಲೆ ಎರಡು ಮೂರು ಮೀಟರ್ ಹೆಚ್ಚುಕಮ್ಮಿ ಆದರೆ ಯಾರಿಗೂ ನಷ್ಟ ಇಲ್ಲ. ಕಡಲ ಪಕ್ಕ ಅಷ್ಟು ತಪ್ಪಿದರೆ ಎಲ್ಲ ತಪ್ಪಿತು, ಯಾಕೆಂದರೆ ನಾವು ಮಾತಾಡುತ್ತಿರುವುದೇ ಅರ್ಧ ಮೀಟರ್, ಒಂದು ಮೀಟರ್ ಬಗ್ಗೆ. ಕ್ಲೈಮೇಟ್ ಸೆಂಟ್ರಲ್‌ನ ಸ್ಕಾಟ್ ಕಲ್ಪ್, ಬೆಂಜಮಿನ್ ಸ್ಟ್ರಾಸ್ ಇಬ್ಬರು ಸೇರಿ ಇದನ್ನು ತಿದ್ದಿದರು. ಅಮೆರಿಕದ ಕರಾವಳಿಯಲ್ಲಿ ವಿಮಾನದಿಂದ ಲೇಸರ್ ಬಿಟ್ಟು ನಿಖರವಾಗಿ ಅಳೆದ ಎತ್ತರ ಇದೆ. ಅದನ್ನು ರೇಡಾರ್ ಲೆಕ್ಕದ ಪಕ್ಕದಲ್ಲಿಟ್ಟು, ಎಲ್ಲೆಲ್ಲಿ ಹೇಗೆ ತಪ್ಪುತ್ತದೆ ಅಂತ ಕಂಪ್ಯೂಟರಿಗೆ ಕಲಿಸಿ, ಅದೇ ಪಾಠವನ್ನು ಉಳಿದ ಪ್ರಪಂಚಕ್ಕೆ ಹಚ್ಚಿದರು. ಹೆಸರು ಕೋಸ್ಟಲ್‌ಡೆಮ್. 2019ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಇದು ಬಂದಾಗ ಗಲಾಟೆ ಆಗಿತ್ತು. 2050ರ ಹೊತ್ತಿಗೆ ವರ್ಷಕ್ಕೊಮ್ಮೆಯಾದರೂ ಕಡಲ ನೆರೆ ಮುಟ್ಟುವಷ್ಟು ತಗ್ಗಿನ ಜಾಗದಲ್ಲಿ ಈಗ 8 ಕೋಟಿ ಜನ ಇದ್ದಾರೆ ಅಂತ ಹಳೆ ಲೆಕ್ಕ ಹೇಳುತ್ತಿತ್ತು. ಹೊಸ ಲೆಕ್ಕದಲ್ಲಿ ಅದು 30 ಕೋಟಿ. ಕಡಲು ಜಾಸ್ತಿ ಏರಿದ್ದಲ್ಲ, ನೆಲ ನಾವು ಅಂದುಕೊಂಡಷ್ಟು ಎತ್ತರ ಇರಲಿಲ್ಲ.

ಈ ಒಂದು ಕೆಲಸಕ್ಕೇ ಎರಡು ಸ್ಟಾರ್ ಕೊಡಬಹುದು. ಮೂರನೆಯದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಕ್ಕೆ.

ಆದರೂ ಐದು ಸೆಂಟ್ ಸೈಟ್ ನೋಡುವವನಿಗೆ ಒಂದು ಲೆಕ್ಕ ಗೊತ್ತಿರಲಿ. ಹೀಗೆ ಬಾಹ್ಯಾಕಾಶದಿಂದ ಅಳೆದ ಎತ್ತರದ ಮ್ಯಾಪಿನಲ್ಲಿ ಒಂದು ಚೌಕ ಸುಮಾರು 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ 900 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 22 ಸೆಂಟ್. ಅಕ್ಕ ನೋಡಿದಂಥ ನಾಲ್ಕು ಸೈಟ್ ಒಂದೇ ಚೌಕದಲ್ಲಿ ಕೂರುತ್ತವೆ, ನಾಲ್ಕಕ್ಕೂ ಒಂದೇ ಎತ್ತರ. ಒಬ್ಬರು ಮಣ್ಣು ತುಂಬಿಸಿ ಎರಡಡಿ ಏರಿಸಿದ್ದಾರೆ, ಪಕ್ಕದವರು ಹಳೆ ಗದ್ದೆ ಮಟ್ಟದಲ್ಲೇ ಇದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕಾಂಪೌಂಡ್, ರಸ್ತೆ, ಚರಂಡಿ ಯಾವುದೂ ಇಲ್ಲ. ಇದನ್ನು ಅವರೂ ಮುಚ್ಚಿಟ್ಟಿಲ್ಲ, ಹೆಸರಿನಲ್ಲೇ ಸ್ಕ್ರೀನಿಂಗ್ ಅಂತ ಇದೆ. ಜರಡಿ ಹಿಡಿಯುವುದಕ್ಕೆ ಮಾಡಿದ್ದು, ಸೈಟ್ ನಂಬರ್ ಹಾಕಿ ಪಾಸು ಫೇಲು ಹೇಳುವುದಕ್ಕಲ್ಲ.

ಎರಡನೇ ಕೊರತೆ ನೀರಿನದ್ದು. ಈ ಥರದ ಮಾದರಿಗೆ ತಜ್ಞರು ಬಾತ್‌ಟಬ್ ಮಾದರಿ ಅನ್ನುತ್ತಾರೆ. ಟಬ್‌ನಲ್ಲಿ ನೀರು ಏರಿಸಿದ ಹಾಗೆ ಕಡಲನ್ನು ಎಲ್ಲ ಕಡೆ ಸಮನಾಗಿ ಏರಿಸುವುದು, ಅದಕ್ಕಿಂತ ತಗ್ಗಿರುವ ನೆಲಕ್ಕೆಲ್ಲ ಬಣ್ಣ ಬಳಿಯುವುದು. ನೀರು ಅಲ್ಲಿಗೆ ಹರಿದು ಬರಲು ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ಇಳಿತ ಶುರುವಾಗುತ್ತದಾ, ದಾರಿಯಲ್ಲಿ ತಡೆಗೋಡೆ ಇದೆಯಾ ಅಂತ ಕೇಳುವುದೇ ಇಲ್ಲ. ಕೇರಳದ ಕುಟ್ಟನಾಡಿನ ಕಡೆ ಮ್ಯಾಪ್ ಎಳೆದು ನೋಡಿ. ಅಲ್ಲಿನ ಗದ್ದೆಗಳು ಕಡಲ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗೇ ಇವೆ. ಕಟ್ಟೆ ಹಾಕಿ, ಪಂಪ್ ಇಟ್ಟು ನೀರು ಎತ್ತಿ ಹೊರಗೆ ಹಾಕಿ ಭತ್ತ ಬೆಳೆಯುತ್ತಾ ತಲೆಮಾರುಗಳೇ ಕಳೆದಿವೆ. ಕಟ್ಟೆಯ ಲೆಕ್ಕ ಹಿಡಿಯದ ಮ್ಯಾಪಿಗೆ ಇವೆಲ್ಲ ಮುಳುಗಡೆ ಜಾಗ. ಹಾಗಾಗಿ ಕೆಂಪು ಅಂದರೆ ಮುಳುಗುತ್ತದೆ ಅಂತ ಅಲ್ಲ. ಈ ಮಟ್ಟದ ಕೆಳಗಿದೆ, ತಡೆ ಇಲ್ಲದಿದ್ದರೆ ನೀರು ಬರಬಹುದು ಅಂತ. ಟಿವಿಯವರಿಗೆ ಇದು ಅರ್ಥವಾಗುವುದೇ ಇಲ್ಲ. 2021ರ ಆಗಸ್ಟ್‌ನಲ್ಲಿ ನಾಸಾದ ಇನ್ನೊಂದು ಟೂಲ್ ಬಂದಾಗ ಭಾರತದ ಹನ್ನೆರಡು ಬಂದರು ಊರುಗಳು ಮುಳುಗುತ್ತವೆ ಅಂತ ದಿನವಿಡೀ ಓಡಿಸಿದರು. ಪಟ್ಟಿಯಲ್ಲಿ ಮಂಗಳೂರಿಗೆ ಇದ್ದದ್ದು ಶತಮಾನದ ಕೊನೆಗೆ 1.87 ಅಡಿ ಏರಿಕೆ. ಅದು ಸಣ್ಣದಲ್ಲ. ಆದರೆ ಕದ್ರಿ ಗುಡ್ಡ ಮುಳುಗಲು ಅಷ್ಟು ಸಾಲದು, ಮಂಗಳೂರಿನ ಅರ್ಧ ಊರು ಮುರಕಲ್ಲಿನ ಎತ್ತರದ ಮೇಲೆ ಕೂತಿದೆ.

ಕೆಂಪು ಕಾಣುವುದು ಎಲ್ಲಿ ಅಂದರೆ ನೇತ್ರಾವತಿ, ಗುರುಪುರ ಎರಡೂ ಹೊಳೆ ಕಡಲು ಸೇರುವ ಅಳಿವೆಯ ಸುತ್ತ. ಬೆಂಗ್ರೆಯ ಮರಳು ದಿಬ್ಬ, ಉಳ್ಳಾಲದ ಹಿನ್ನೀರಿನ ಬದಿ, ಹೊಳೆಯ ನಡುವಿನ ಕುದ್ರುಗಳು, ದಡದ ಹಳೆ ಗದ್ದೆಗಳು. ಇದು ಸರಿಯಾಗಿದೆ. ಉಳ್ಳಾಲ, ಸೋಮೇಶ್ವರದಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತ ಇದ್ದದ್ದೇ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡ ಮುಟ್ಟದೆ ಪಕ್ಕದಲ್ಲೇ ಹಾದು ಹೋದಾಗಲೂ ಅಲೆ ಮನೆಯೊಳಗೆ ಬಂದಿತ್ತು. ಅಂಥ ಕಡೆಗೆ ಈ ಮ್ಯಾಪ್ ಹೇಳಿದ್ದನ್ನು ನಂಬಬಹುದು.

ನನ್ನ ತಕರಾರು ಬಣ್ಣ ಇಲ್ಲದ ಜಾಗದ ಬಗ್ಗೆ. ಕೆಂಪು ಇಲ್ಲ ಅಂದರೆ ನೆರೆ ಇಲ್ಲ ಅಂತ ಜನ ಓದುತ್ತಾರೆ, ಬ್ರೋಕರ್ ಓದಿಸುತ್ತಾರೆ. ಆದರೆ ಈ ಮ್ಯಾಪಿಗೆ ಗೊತ್ತಿರುವುದು ಕಡಲಿನಿಂದ ಬರುವ ನೀರು ಮಾತ್ರ. ಮಂಗಳೂರಿಗೆ ನೀರು ಬರುವುದು ಎರಡು ಕಡೆಯಿಂದ, ಹಿಂದಿನ ಕಡೆಯಿಂದ ಕಳಿಸುವವರಲ್ಲಿ ನಾವೂ ಇದ್ದೇವೆ. ಕೊಡಗು ಅಂದ ತಕ್ಷಣ ಎಲ್ಲರಿಗೂ ಕಾವೇರಿ ನೆನಪಾಗುತ್ತದೆ, ಪೂರ್ವಕ್ಕೆ ಹೋಗುವ ನೀರು. ಪಶ್ಚಿಮಕ್ಕೆ ಇಳಿಯುವುದನ್ನು ಮರೆಯುತ್ತಾರೆ. ಪುಷ್ಪಗಿರಿಯಲ್ಲಿ ಹುಟ್ಟುವ ಕುಮಾರಧಾರಾ ಸುಬ್ರಹ್ಮಣ್ಯ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಅಲ್ಲಿಂದ ಬಂಟ್ವಾಳ, ತುಂಬೆ, ಮಂಗಳೂರು. ಸಂಪಾಜೆ ಕಡೆಯ ನೀರು ಪಯಸ್ವಿನಿಯಾಗಿ ಸುಳ್ಯ ದಾಟಿ ಕಾಸರಗೋಡಿನ ಕಡಲಿಗೆ. ದಕ್ಷಿಣದ ಬರಪೊಳೆ ಕಣ್ಣೂರು ಕಡೆಗೆ. ಬೆಳಿಗ್ಗೆ ಎದ್ದು ಮಳೆ ಮಾಪಕದ ನೀರು ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಪುಸ್ತಕದಲ್ಲಿ ಬರೆಯುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರ್‌ಗೆ ಸ್ವಲ್ಪ ಮೇಲೆ ನೀರು. ಘಟ್ಟದಲ್ಲಿ ಒಂದೇ ದಿನ ಎಂಟು, ಹತ್ತು ಇಂಚು ಸುರಿಯುವುದು ಹೊಸತೇನಲ್ಲ. ನೇತ್ರಾವತಿಗೆ ನೀರು ಕೊಡುವ ಪ್ರದೇಶ ಮೂರು ಸಾವಿರ ಚದರ ಕಿಲೋಮೀಟರಿಗಿಂತ ಜಾಸ್ತಿ. ಲೆಕ್ಕ ಹಾಕಿಕೊಳ್ಳಿ.

ಹಳಬರನ್ನು ಕೇಳಿದರೆ ಗೊತ್ತಾಗುತ್ತದೆ. ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ ಕಡೆ 1923ರ ನೆರೆ, 1974ರ ನೆರೆ ಅಂತ ಇಸವಿ ಸಮೇತ ಹೇಳುತ್ತಾರೆ. ಎರಡೂ ಹೊಳೆಯಿಂದ ಬಂದ ನೀರು, ಕಡಲಿನಿಂದ ಅಲ್ಲ. 2018ರ ಮೇ 29ಕ್ಕೆ ಮಂಗಳೂರು ನಗರದ ರಸ್ತೆಗಳು ತುಂಬಿದ್ದು ಇನ್ನೊಂದು ಥರ, ಅದು ಊರಿನ ಮೇಲೆಯೇ ಸುರಿದ ಮಳೆ, ರಾಜಕಾಲುವೆ ತಡೆದುಕೊಳ್ಳಲಿಲ್ಲ. ಕೊಟ್ಟಾರ ಚೌಕಿಯಲ್ಲಿ ಇರುವವರಿಗೆ ಹವಾಮಾನ ಬದಲಾವಣೆಯ ಮ್ಯಾಪ್ ಬೇಕಾಗಿಲ್ಲ, ಜೂನ್ ಸಾಕು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ನಿಜವಾದ ಅಪಾಯ ಇದರಲ್ಲೇ ಇದೆ. ಕಡಲು ಒಂದು ಗೇಣು ಏರಿದರೆ ಆ ಒಂದು ಗೇಣಿನ ನೀರು ನೇರವಾಗಿ ಬಂದು ಮನೆ ತುಂಬುವುದು ಕಡಿಮೆ. ಅದು ಮಾಡುವುದು ಬಾಗಿಲು ಹಾಕುವ ಕೆಲಸ. ಹೊಳೆ ತುಂಬಿ ಬರುತ್ತಿದೆ, ಅದೇ ಹೊತ್ತಿಗೆ ಉಬ್ಬರ, ಮಳೆಗಾಲದ ಗಾಳಿ ಬೇರೆ ಕಡಲನ್ನು ದಡಕ್ಕೆ ನೂಕುತ್ತಿದೆ, ಆಗ ಅಳಿವೆಯಲ್ಲಿ ಹೊಳೆ ನೀರಿಗೆ ಹೊರಗೆ ಹೋಗಲು ದಾರಿ ಸಿಗಲ್ಲ. ಹಿಂದಕ್ಕೆ ನಿಲ್ಲುತ್ತದೆ. ಚರಂಡಿಯ ಬಾಯಿ ಮುಳುಗಿದರೆ ಊರ ಮಳೆ ನೀರೂ ಒಳಗೇ ಉಳಿಯುತ್ತದೆ. ಮಂಗಳೂರಿನಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್ ಅಷ್ಟೇ. ಅಷ್ಟರಲ್ಲಿ ಒಂದು ಗೇಣು, ಎರಡು ಗೇಣು ಕಡಿಮೆಯಾಗುವುದು ಅಂದರೆ ನೀರು ಖಾಲಿಯಾಗಲು ಸಿಗುವ ಹೊತ್ತೇ ಕಡಿಮೆಯಾಗುವುದು. ಇನ್ನೊಂದು ತುದಿಯಲ್ಲಿ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ತೇವ ಹಿಡಿಯುತ್ತದೆ, ಸುರಿಯುವಾಗ ಜೋರಾಗಿ ಸುರಿಯುತ್ತದೆ. ಮೇಲಿನಿಂದ ಬರುವುದು ಜಾಸ್ತಿ, ಕೆಳಗೆ ಹೋಗುವ ದಾರಿ ಕಿರಿದು. ಈ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಮಾದರಿಗೆ ಸಂಯುಕ್ತ ನೆರೆ ಮಾದರಿ ಅನ್ನುತ್ತಾರೆ. ನಾನು ರಿವ್ಯೂ ಮಾಡುತ್ತಿರುವ ಟೂಲ್‌ನಲ್ಲಿ ಅದು ಇಲ್ಲ.

2005ರ ಜುಲೈ 26ರಂದು ಮುಂಬೈನಲ್ಲಿ ಆದದ್ದು ಇದೇ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್, ಅಂದರೆ 37 ಇಂಚು, ಅದರ ಜೊತೆಗೆ ಉಬ್ಬರ. ಕಡಲಿನ ಮ್ಯಾಪ್ ಒಂದನ್ನೇ ನೋಡಿದ್ದರೆ ಅಂದು ನೀರು ನಿಂತ ಎಷ್ಟೋ ಕಡೆ ಬಣ್ಣ ಇರುತ್ತಿರಲಿಲ್ಲ.

ಹಾಗಾದರೆ ಎಲ್ಲ ಸೇರಿಸಿದ ಮಾದರಿ ಯಾಕೆ ಸುಲಭಕ್ಕೆ ಸಿಗಲ್ಲ ಅಂದರೆ ಅದು ಭಾರೀ ಕೆಲಸ. ಪ್ರಪಂಚದ ಹವಾಮಾನ ಮಾದರಿಗಳ ಒಂದು ಚೌಕ ಸುಮಾರು 100 ಕಿಲೋಮೀಟರ್. ಅದರೊಳಗೆ ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ ಎಲ್ಲ ಒಟ್ಟಿಗೆ ಬಿದ್ದುಬಿಡಬಹುದು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಲ್ಲಿಗೆಲ್ಲಿಯ ಸಂಬಂಧ, ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಾಗಾಗಿ ಆ ಮಳೆಯನ್ನು ಸಣ್ಣ ಚೌಕಕ್ಕೆ ಇಳಿಸಬೇಕು. ಆಮೇಲೆ ಬಿದ್ದ ನೀರಿನಲ್ಲಿ ಎಷ್ಟು ಮಣ್ಣು ಕುಡಿಯಿತು, ಎಷ್ಟು ಹರಿಯಿತು ಅಂತ ಇನ್ನೊಂದು ಮಾದರಿ. ಹೊಳೆಯಲ್ಲಿ ಎಷ್ಟು ವೇಗದಲ್ಲಿ ಎಷ್ಟು ಎತ್ತರಕ್ಕೆ ಬಂತು ಅಂತ ಮತ್ತೊಂದು, ಅದಕ್ಕೆ ಹೊಳೆಯ ತಳದ ಆಳ ಬೇಕು, ಮರಳು ತೆಗೆದ ಮೇಲೆ ಅದೂ ಬದಲಾಗುತ್ತಾ ಇರುತ್ತದೆ. ಕಡಲ ಕಡೆಯಿಂದ ಉಬ್ಬರ, ಅಲೆ, ಚಂಡಮಾರುತದ ನೂಕು. ಕೊನೆಗೆ ಊರಿನ ರಸ್ತೆ, ಚರಂಡಿ, ಸೇತುವೆ, ಅಣೆಕಟ್ಟಿನ ಗೇಟ್. ಒಂದೊಂದರಲ್ಲೂ ಅಂದಾಜು, ಅಂದಾಜಿನ ಮೇಲೆ ಅಂದಾಜು. ನಮ್ಮ ದೇಶದಲ್ಲೂ ಮಾಡಿದ್ದಾರೆ. 2015ರ ಡಿಸೆಂಬರ್ ನೆರೆ ಆದ ಮೇಲೆ ಚೆನ್ನೈಗೆ ಒಂದು ಕರಾವಳಿ ನೆರೆ ಎಚ್ಚರಿಕೆ ವ್ಯವಸ್ಥೆ ಬಂತು, 2020ರ ಜೂನ್‌ನಲ್ಲಿ ಮುಂಬೈಗೆ ಐಫ್ಲೋಸ್ ಅಂತ ಇನ್ನೊಂದು. ಮಳೆ, ಹೊಳೆ, ಉಬ್ಬರ ಮೂರನ್ನೂ ಒಟ್ಟಿಗೆ ನೋಡುತ್ತವೆ. ಆದರೆ ಅವು ನಾಳೆ ನಾಡಿದ್ದಿನ ನೀರಿಗೆ, ಮೂವತ್ತು ವರ್ಷದ ಸಾಲಕ್ಕೆ ಅಲ್ಲ.

ಬೇರೆ ಟೂಲ್‌ಗಳನ್ನೂ ಒಂದು ಸುತ್ತು ನೋಡಿದೆ. ನಾಸಾದ ಕಡಲ ಮಟ್ಟದ ಟೂಲ್ ಚೊಕ್ಕ, ಬಂದರಿನ ಮೇಲೆ ಒತ್ತಿದರೆ ದಶಕವಾರು ಎಷ್ಟು ಏರುತ್ತದೆ ಅಂತ ಗೆರೆ ಬರುತ್ತದೆ, ಆದರೆ ನೆಲದ ಮ್ಯಾಪ್ ಇಲ್ಲ. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್‌ನ ಅಕ್ವಡಕ್ಟ್ ಫ್ಲಡ್ಸ್‌ನಲ್ಲಿ ಹೊಳೆ ನೆರೆ, ಕಡಲ ನೆರೆ ಎರಡೂ ಇವೆ, 2030, 2050, 2080 ಅಂತ ಇಸವಿಯೂ ಇದೆ. ಖುಷಿಯಾಯಿತು. ಆದರೆ ಎರಡೂ ಬೇರೆ ಬೇರೆ ಪದರ, ಒಟ್ಟಿಗೆ ಬಂದರೆ ಏನು ಅಂತ ಇಲ್ಲ, ಚೌಕವೂ ಸುಮಾರು ಒಂದು ಕಿಲೋಮೀಟರ್. ಐದು ಸೆಂಟ್ ಬಿಡಿ, ಇಡೀ ಬಡಾವಣೆ ಒಂದು ಚುಕ್ಕಿ. ಗೂಗಲ್‌ನ ಫ್ಲಡ್ ಹಬ್ ಹೊಳೆಗೆ ಒಂದು ವಾರ ಮುಂಚೆ ಹೇಳುತ್ತದೆ, ಮನೆ ಕೊಳ್ಳುವವನಿಗಲ್ಲ, ಮನೆಯಲ್ಲಿ ಆಗಲೇ ಇರುವವನಿಗೆ. ಹಾಗಾಗಿ ಇದ್ದುದರಲ್ಲಿ ಕಡಲ ಬದಿಗೆ ಕ್ಲೈಮೇಟ್ ಸೆಂಟ್ರಲ್‌ದೇ ವಾಸಿ.

ಬಳಸುವುದಾದರೆ ನನ್ನ ಕ್ರಮ ಹೀಗಿದೆ. ಇಸವಿಯ ಮ್ಯಾಪ್ ಬಿಟ್ಟು ನೀರಿನ ಮಟ್ಟದ ಮ್ಯಾಪ್ ತೆರೆಯಿರಿ. ಅದರಲ್ಲಿ ಇಸವಿ, ಅದೃಷ್ಟದ ಗೊಡವೆ ಇಲ್ಲ, ನೀರು ಇಷ್ಟು ಏರಿದರೆ ಎಲ್ಲಿ ಬರುತ್ತದೆ ಅಂತ ಮಾತ್ರ ತೋರಿಸುತ್ತದೆ. ಮಟ್ಟವನ್ನು ಒಂದೊಂದೇ ಹೆಜ್ಜೆ ಮೇಲಕ್ಕೆ ಎಳೆಯುತ್ತಾ ಹೋಗಿ. ಅಕ್ಕನ ಸೈಟಿಗೆ ಹೀಗೆ ಮಾಡಿದಾಗ ಮೊದಲು ಹೊಳೆಯ ಅಂಚು, ಆಮೇಲೆ ಪಕ್ಕದ ಗದ್ದೆ, ಆಮೇಲೆ ಸೈಟಿಗೆ ಹೋಗುವ ರಸ್ತೆ ಕೆಂಪಾಯಿತು. ಸೈಟ್ ಇನ್ನೂ ಬಿಳಿಯಾಗೇ ಇತ್ತು. ರಸ್ತೆ ಮುಳುಗಿದ ಮೇಲೆ ಸೈಟ್ ಒಣಗಿದ್ದು ಏನು ಪ್ರಯೋಜನ, ಆಸ್ಪತ್ರೆ ಹತ್ತಿರ ಅಂತಲೇ ಅಲ್ವಾ ಕೆಳಗೆ ಇಳಿಯುತ್ತಿರುವುದು. ಬ್ರೋಕರ್ ಕಳಿಸಿದ ಚಿತ್ರದಲ್ಲಿ ರಸ್ತೆ ಕಾಣದ ಹಾಗೆ ಜೂಮ್ ಆಗಿತ್ತು.

ನೂರು ವರ್ಷದ ನೆರೆ ಅನ್ನುವ ಮಾತು ಎಲ್ಲಾದರೂ ಬಂದರೆ ನೂರು ವರ್ಷಕ್ಕೊಮ್ಮೆ ತಾನೇ ಅಂತ ಬಿಡಬೇಡಿ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ. ಮೂವತ್ತು ವರ್ಷದ ಗೃಹ ಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ 26 ಶೇಕಡಾ, ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಅದೂ ಇವತ್ತಿನ ಲೆಕ್ಕ. ಕಡಲಿನ ಮಟ್ಟಿಗೆ ಈಗ ನೂರು ವರ್ಷಕ್ಕೊಮ್ಮೆ ಅನ್ನುವಂಥ ಎತ್ತರದ ನೀರು, ಪ್ರಪಂಚದಲ್ಲಿ ಉಬ್ಬರ ಅಳೆಯುವ ಅರ್ಧಕ್ಕಿಂತ ಜಾಸ್ತಿ ಕಡೆ, 2100ರ ಹೊತ್ತಿಗೆ ವರ್ಷಕ್ಕೊಮ್ಮೆ ಬರಬಹುದು ಅಂತ ಐಪಿಸಿಸಿ ಹೇಳಿದೆ.

ಮ್ಯಾಪ್ ಮುಚ್ಚಿದ ಮೇಲೆ ಮಾಡುವ ಕೆಲಸವೂ ಇದೆ. ಅಕ್ಕಪಕ್ಕದ ಹಳೆ ಮನೆಗೆ ಹೋಗಿ 1974ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ, ಕಾಫಿ ಕೊಟ್ಟು ಹೇಳುತ್ತಾರೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್, ಮಳೆಗಾಲದಲ್ಲಿ ಅಲ್ಲಿಯ ಮಟ್ಟ ದಿನವೂ ಪೇಪರಿನಲ್ಲಿ ಬರುತ್ತದೆ. ಅದು ಏರಿದ ದಿನ ಸೈಟ್ ನೋಡಲು ಹೋಗಿ, ಜನವರಿಯಲ್ಲಲ್ಲ. ಭಾವ ಜುಲೈವರೆಗೆ ಕಾಯೋಣ ಅಂದಾಗ ಬ್ರೋಕರ್ ಬೇರೆ ಪಾರ್ಟಿ ಇದ್ದಾರೆ ಸರ್ ಅಂದರು. ಇರಲಿ ಅಂತ ಬಿಟ್ಟೆವು. ಈಗ ಬೆಜೈ ಕಡೆ ಎತ್ತರದಲ್ಲಿ ಒಂದು ಹಳೆ ಫ್ಲಾಟ್ ನೋಡುತ್ತಿದ್ದಾರೆ, ರೇಟ್ ಜಾಸ್ತಿ, ಹೊಳೆ ಕಾಣಲ್ಲ.

ಅಷ್ಟಾದರೂ ದಡದ ಸೈಟೇ ಬೇಕು ಅನ್ನುವವರು ಒಬ್ಬ ಸರ್ವೇಯರ್ ಕರೆದುಕೊಂಡು ಹೋಗಿ ಸೈಟ್, ರಸ್ತೆ ಎರಡೂ ಕಡಲ ಮಟ್ಟದಿಂದ ಎಷ್ಟು ಎತ್ತರ ಅಂತ ಅಳೆಸಿ. ಆ ಸಂಖ್ಯೆ ಹಿಡಿದುಕೊಂಡು ಈ ಮ್ಯಾಪಿಗೆ ಬನ್ನಿ, ಆಗ ಅದು ಕೆಲಸಕ್ಕೆ ಬರುತ್ತದೆ. ಸರ್ವೇಯರ್ ಒಂದು ದಿನಕ್ಕೆ ಕೇಳುವ ದುಡ್ಡು ರಿಜಿಸ್ಟ್ರೇಷನ್ ಖರ್ಚಿನ ಮುಂದೆ ಏನೂ ಅಲ್ಲ.